ಎದುರು ಗ್ಯಾಲರಿಯ ಹಲಗಿ

ನಾನು ಒಂದು ಹಲಗಿ. ಹೋಳಿಹುಣ್ಣಿಮೆಗೆ ನಮ್ಮ ಕಡೆ ಓಣಿ ಓಣಿಯಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಬಾರಿಸುತ್ತಾರಲ್ಲ, ಆ ವಾದ್ಯ. ಒಂದು ಮಗ್ಗುಲಿಗೆ ಚರ್ಮ, ಇನ್ನೊಂದು ಮಗ್ಗುಲು ಬಯಲು. ನನ್ನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ಬಾರಿಸಿದ್ದೆಲ್ಲ ಆ ಕಡೆಯಿಂದ ಹೊರಗೆ ಬೀಳುತ್ತದೆ. ಹಾಗಿದ್ದೂ ಒಂದು ಸಂಗತಿ ಮಾತ್ರ ಒಳಗೇ ಉಳಿದುಬಿಟ್ಟಿದೆ. ಅದನ್ನು ಹೇಳಬೇಕಾದರೆ ಹುಟ್ಟಿನಿಂದಲೇ ಹೇಳಬೇಕು.

ನನ್ನನ್ನು ಮಾಡಿದವನು ದುರ್ಗಪ್ಪ. ಬೇವಿನ ಕಟ್ಟಿಗೆಯ ಬಳೆ, ಅದರ ಮೇಲೆ ಹದಮಾಡಿದ ಆಡಿನ ಚರ್ಮ, ಅಂಟಿಸಲಿಕ್ಕೆ ಹುಣಸೆ ಬೀಜ ಅರೆದು ಕುದಿಸಿದ ಸರಿ. ನೆರಳಲ್ಲಿ ಒಣಗಿಸಿ, ಬೆಂಕಿಗೆ ತೋರಿಸಿ, ಬೆರಳಿನಿಂದ ಒಮ್ಮೆ ಚಿಟುಕಿದ. ನಾನು ಠಣ್ ಎಂದೆ. ಎದುರಿಗೆ ಕೂತಿದ್ದ ಗಿರಾಕಿಯ ಮುಖ ಅರಳಿತು. ಆ ಗಿರಾಕಿಯೇ ಅಡಿವೆಪ್ಪ. ಹಳೇ ಪ್ಯಾಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವನು. ಊರಲ್ಲಿ ಎಲ್ಲರೂ ಗಿರಣಿ ಅಡಿವೆಪ್ಪ ಎಂದೇ ಕರೆಯುತ್ತಿದ್ದರು.

"ಇದಕ್ಕ ಬೆಂಕಿ ತೋರಿಸಿದ್ರ ಮಾತಾಡತೈತಿ, ತಂಪು ಹತ್ತಿದ್ರ ಮುನಿಸ್ಕೊಂತೈತಿ. ಹೆಂಡ್ತಿ ನೋಡ್ಕೊಂಡಂಗ ನೋಡ್ಕೊ," ಎಂದ ದುರ್ಗಪ್ಪ.

"ಹೆಂಡ್ತೀನ ಬೆಂಕಿಗೆ ಹಿಡದ್ರ ನನ್ನ ಗತಿ ಏನಾದೀತು!" ಎಂದು ನಕ್ಕು ಅಡಿವೆಪ್ಪ ನನ್ನನ್ನು ಬಗಲಿಗೆ ಹಾಕಿಕೊಂಡು ನಡೆದ.

ಅವನ ಕೈ ಎಂಥದೆಂದು ಹೇಳಿದರೆ ಜಂಬ ಎನ್ನಬೇಡಿ. ಹೋಳಿಯ ದಿನಗಳಲ್ಲಿ ಅವನು ನನ್ನನ್ನು ಕಾಯಿಸಿ ಹಿಡಿದರೆ ಮುದುಕರ ಮೊಳಕಾಲೂ ಕುಣಿಯುತ್ತಿದ್ದವು. ಅವನ ಎಡಗೈಯ ಕಿರುಬೆರಳು ಹಿಂದೊಮ್ಮೆ ಗಿರಣಿಯ ಬೆಲ್ಟಿಗೆ ಸಿಕ್ಕು ಸೊಟ್ಟಗಾಗಿತ್ತು. ಅದರಿಂದಾಗಿ ಪ್ರತಿ ಸುತ್ತು ಮುಗಿಯುವಾಗ ಎಡಗೈಯ ಸಣ್ಣ ಕಡ್ಡಿ ಒಂದು ಎಳೆ ತಡವಾಗಿ ಬೀಳುತ್ತಿತ್ತು. ಕುಂಟು ಪೆಟ್ಟು. ಬೇರೆಯವರಾದರೆ ಅದನ್ನು ಮುಚ್ಚಿಡಲು ನೋಡುತ್ತಿದ್ದರು. ಅಡಿವೆಪ್ಪ ಅದನ್ನೇ ತನ್ನ ಸೊಗಸು ಮಾಡಿಕೊಂಡ. ಕಲಿಯಲು ಹೋದ ಹುಡುಗರು ಎಷ್ಟು ತಿಣುಕಿದರೂ ಅವರ ಕೈಗೆ ಅದು ಬರಲಿಲ್ಲ.

ಅವನ ಒಬ್ಬಳೇ ಮಗಳು ಕಸ್ತೂರಿ. ತೊಟ್ಟಿಲಲ್ಲಿ ಅವಳು ಮಲಗಿದ್ದಾಗ ಅವನು ಅದೇ ಪಡಸಾಲೆಯಲ್ಲಿ ನನ್ನನ್ನು ಮೆಲ್ಲಗೆ ಬಾರಿಸಿ ನೋಡುತ್ತಿದ್ದ. ಬೇರೆ ಮಕ್ಕಳು ಸದ್ದಿಗೆ ಬೆಚ್ಚಿಬಿದ್ದು ಅತ್ತರೆ, ಈ ಕೂಸು ಸದ್ದು ನಿಂತರೆ ಅಳುತ್ತಿತ್ತು. ನಡೆಯಲು ಕಲಿತ ಮೇಲೆ, ಮೂರು ಓಣಿ ಆಚೆ ಹತ್ತು ಹಲಗಿ ಒಟ್ಟಿಗೆ ಮೊಳಗುತ್ತಿದ್ದರೂ ಬಾಗಿಲಿಗೆ ಓಡಿಬಂದು "ಅಪ್ಪ ಬಂದ" ಎನ್ನುತ್ತಿದ್ದಳು. ತಾಯಿ ನೀಲವ್ವನಿಗೆ ಇದೊಂದು ದೊಡ್ಡ ಅಚ್ಚರಿ. ಆ ಕುಂಟು ಪೆಟ್ಟು ಕೂಸಿನ ಕಿವಿಗೆ ಬಿದ್ದಿರುತ್ತಿತ್ತು ಅಷ್ಟೇ, ನನಗೆ ಅದು ಗೊತ್ತಿತ್ತು.

ಕಸ್ತೂರಿ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನಾನು ಅಡಿವೆಪ್ಪನ ಕೈ ತಪ್ಪಿದೆ. ಊರ ಹೊರಗಿನ ಗುಡ್ಡದ ಕಾಲೇಜಿನ ಹಾಸ್ಟೆಲ್ ಹುಡುಗರು ಒಂದು ಹೋಳಿಗೆ ಬಂದು, "ಕಾಕಾ, ಒಂದ ದಿನಕ್ಕ ಕೊಡ್ರಿ, ನಾಳೆ ತಂದು ಮುಟ್ಟಸ್ತೀವ್ರಿ," ಎಂದರು. ಅಡಿವೆಪ್ಪ ಕೊಟ್ಟ. ಹೋಳಿಗೆ ಒಯ್ದ ಹಲಗಿ ಮತ್ತು ಓದಲಿಕ್ಕೆ ಒಯ್ದ ಪುಸ್ತಕ ತಿರುಗಿ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಅವನು ಎರಡು ಸಲ ಕೇಳಿಕಳಿಸಿದ, ಆಮೇಲೆ ಬೇರೆ ಹಲಗಿ ಮಾಡಿಸಿದ. ನಾನು ಹಾಸ್ಟೆಲಿನ ಮಂಚದ ಕೆಳಗೆ ಹರಕು ಚಪ್ಪಲಿಗಳ ನಡುವೆ ಬಿದ್ದುಕೊಂಡೆ.

ನನ್ನನ್ನು ಅಲ್ಲಿಂದ ಎಳೆಯುತ್ತಿದ್ದದ್ದು ಫುಟ್‌ಬಾಲ್ ಫೈನಲ್‌ಗೆ. ನಮ್ಮ ಊರಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ಕಾಲೇಜುಗಳ ಫೈನಲ್ ನಡೆಯುತ್ತದೆ. ಎದುರುಬದುರು ಎರಡು ಸಿಮೆಂಟಿನ ಗ್ಯಾಲರಿ, ಒಂದೊಂದು ಕಾಲೇಜಿಗೆ ಒಂದೊಂದು. ಹುಡುಗರ ಫೈನಲ್ ಎಂದರೆ ಕಂಪೌಂಡಿನ ಮೇಲೆ ಜನ, ನೀರಿನ ಟಾಕಿಯ ಮೇಲೆ ಜನ, ಆಚೆಯ ಬೇವಿನ ಮರದ ಟೊಂಗೆಯಲ್ಲೂ ಜನ. ನನ್ನ ಸದ್ದಿಗೆ ಗ್ಯಾಲರಿ ಎದ್ದು ಕುಣಿಯುವಾಗ ಇಷ್ಟೂ ಮಂದಿಯನ್ನು ನಾನೇ ಕೂಡಿಸಿದೆ ಎಂದು ಬೀಗುತ್ತಿದ್ದೆ. ಬಾರಿಸುತ್ತಿದ್ದ ಶ್ರೀಶೈಲನ ಕೈಯೋ, ದೇವರಿಗೇ ಪ್ರೀತಿ. ಹೊತ್ತಿಗೆ ಸರಿಯಾಗಿ ಮೀಸೆ ಚಿಗುರಿದ್ದೊಂದು ಬಿಟ್ಟರೆ ಅವನಲ್ಲಿ ತಾಳಕ್ಕೆ ಬಿದ್ದದ್ದು ಏನೂ ಇರಲಿಲ್ಲ. ಆದರೂ ಅವನು ಗುಡ್ಡದ ಕಾಲೇಜಿನ ಕೂಗುವ ಪಡೆಯ ಮುಖಂಡ, ಹಾಗಾಗಿ ಹಲಗಿ ಅವನದು.

ಹುಡುಗಿಯರ ಫೈನಲ್ ಬೇರೆ ಮಾತು. ಅದಕ್ಕೆ ಕಾಗೆ ಕೂಡ ಬರುತ್ತಿರಲಿಲ್ಲ. ಆಡುವ ಹುಡುಗಿಯರು, ಸೀಟಿ ಊದುವ ರೆಫರಿ, ಶೇಂಗಾ ಮಾರುವವನು. ಅವನೂ ಅರ್ಧಕ್ಕೇ ಎದ್ದು ಹೋಗುತ್ತಿದ್ದ.

ಆ ವರ್ಷ ಹುಡುಗಿಯರ ಫೈನಲ್‌ಗೆ ಬಂದದ್ದು ಗುಡ್ಡದ ಕಾಲೇಜು ಮತ್ತು ಹಳೇ ಪ್ಯಾಟಿ ಕಾಲೇಜು. ಪ್ಯಾಟಿ ಕಾಲೇಜಿನ ಹನ್ನೊಂದನೇ ನಂಬರಿನ ಅಂಗಿ ತೊಟ್ಟವಳು ಕಸ್ತೂರಿ. ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಮುಂದೆ ಗಿರಣಿಯ ಗೋಡೆಗೆ ಬಂದ ಮೇಲೆ ನೀಲವ್ವನ ಬಾಯಿಂದ ಕೇಳಿದ್ದು. ಸಿಟ್ಟು ಬಂದಾಗೆಲ್ಲ ಅವಳು ಇದನ್ನೇ ಎತ್ತಿ ಆಡುತ್ತಿದ್ದಳು.

ಫೈನಲ್‌ನ ಮುನ್ನಾದಿನ ಕಸ್ತೂರಿ ಅಪ್ಪನ ಎದುರು ಕೂತು, "ಅಪ್ಪಾ, ನಾಳೆ ಒಂದ ದಿನ ಬಾ. ನಮ್ಮ ಕಡಿ ಗ್ಯಾಲರಿ ಖಾಲಿ ಇರತೈತಿ. ಅವರ ಪ್ರಿನ್ಸಿಪಾಲರು ಮ್ಯಾಚಿಗೆ ಬಂದವರಿಗೆ ಹಾಜರಿ ಕೊಡತೀನಿ ಅಂದಾರಂತ, ಅವರ ಕಡಿ ತುಂಬಿ ತುಳಕತೈತಿ. ನನಗಂತ ಒಬ್ಬರರ ಇರಲಿ," ಎಂದಳಂತೆ.

ಅಡಿವೆಪ್ಪ ಕೆಟ್ಟವನಲ್ಲ. ಮಗಳನ್ನು ಓದಿಸಿದ, ಆಟಕ್ಕೆ ಬೂಟು ಕೊಡಿಸಿದ. ಆದರೆ ಗಿರಣಿಯಲ್ಲಿ ಜೋಳದ ಪುಟ್ಟಿ ಇಟ್ಟು ಕೂತ ಮಂದಿಯ ಬಾಯಿಗೆ ಅವನು ಹೆದರುತ್ತಿದ್ದ. "ಏನ್ ಅಡಿವೆಪ್ಪ, ಮಗಳು ಚಡ್ಡಿ ಹಾಕ್ಕೊಂಡು ಓಡತಾಳಂತಲ್ಲ?" ಎಂದು ಯಾರೋ ಚುಚ್ಚಿದ್ದರು. ಅಂದಿನಿಂದ ಅವಳು ಆಟಕ್ಕೆ ಹೋದಾಗ ಲೈಬ್ರರಿಗೆ ಹೋಗಿದ್ದಾಳೆ ಎನ್ನತೊಡಗಿದ್ದ.

"ಗಿರಣಿ ಬಿಟ್ಟು ಹೆಂಗ ಬರಲಿ ತಾಯಿ? ನೀ ಆಡಿ ಬಾ," ಎಂದ. ಕಸ್ತೂರಿ ಮತ್ತೆ ಕೇಳಲಿಲ್ಲ.

ಮರುದಿನ ಮೋಡ ಕವಿದಿತ್ತು. ಗುಡ್ಡದ ಕಾಲೇಜಿನ ಗ್ಯಾಲರಿಯಲ್ಲಿ ಸೂಜಿ ಬಿದ್ದರೂ ನೆಲ ಮುಟ್ಟುವಂತಿರಲಿಲ್ಲ. ಹಾಜರಿ ಕಮ್ಮಿ ಬಿದ್ದವರೆಲ್ಲ ಅಂದು ಫುಟ್‌ಬಾಲ್ ಭಕ್ತರಾಗಿದ್ದರು. ಎದುರಿನ ಗ್ಯಾಲರಿಯಲ್ಲಿ ಪ್ಯಾಟಿ ಕಾಲೇಜಿನ ಆಟದ ಮೇಷ್ಟ್ರು ಹಡಪದ ಸರ್ ಮತ್ತು ಕಸ್ತೂರಿಯ ನಾಲ್ಕಾರು ಗೆಳತಿಯರು, ಅಷ್ಟೇ. ತಂಪು ಹವೆಗೆ ನನ್ನ ಚರ್ಮ ಸಡಿಲಾಗಿತ್ತು. ಶ್ರೀಶೈಲ ಬಡಿದಂತೆಲ್ಲ ನಾನು ಹಸಿ ಹಿಟ್ಟು ತಟ್ಟಿದ ಹಾಗೆ ತಪ್ ತಪ್ ಎನ್ನುತ್ತಿದ್ದೆ.

ಆಗ ಬಂದ ಅಡಿವೆಪ್ಪ. ತಲೆಗೆ ಟವೆಲು ಸುತ್ತಿ, ಅರ್ಧ ಮುಖ ಮುಚ್ಚಿಕೊಂಡು. ಗಿರಣಿಯಲ್ಲಿ ಕೂತರೂ ಜೀವ ನಿಂತಿರಲಿಲ್ಲ, ಕೊನೆಗೆ ಬಾಗಿಲೆಳೆದು ಬಂದಿದ್ದ. ಮಗಳ ಕಡೆಯ ಗ್ಯಾಲರಿಗೆ ಹೋದರೆ ಹಡಪದ ಸರ್ ಗುರುತು ಹಿಡಿಯುತ್ತಾರೆ, ಅಷ್ಟು ಖಾಲಿ ಜಾಗದಲ್ಲಿ ಊರಿಗೇ ಕಾಣುತ್ತೇನೆ ಎಂದು ಲೆಕ್ಕ ಹಾಕಿ, ತನ್ನ ಗುರುತಿಲ್ಲದ ಎದುರಾಳಿ ಹುಡುಗರ ಗುಂಪಿನ ಹಿಂದಿನ ಸಾಲಲ್ಲಿ ನುಸುಳಿದ. ಕದ್ದು ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡಿರುತ್ತದಂತೆ. ನನ್ನ ಯಜಮಾನ ಅಂದು ಹಾಗೇ ಇದ್ದ.

ಸುಮ್ಮನೆ ಕೂತು ನೋಡಿ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ನಾನಿದ್ದೆನಲ್ಲ! ಶ್ರೀಶೈಲನ ಬಡಿತ ಅವನ ಕಿವಿಗೆ ಬಿತ್ತು. ತಿರುಗಿ ನೋಡಿದ. ಬೇವಿನ ಬಳೆಯ ಮೇಲಿನ ಗಂಟು ನೋಡಿ ನಾನೇ ಎಂದು ಗುರುತಿಸಿದ. ತನ್ನ ಹಲಗಿ ಹೀಗೆ ಸದ್ದು ಮಾಡುವುದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಏ ತಮ್ಮಾ, ಹಸೀ ಹಲಗಿ ಹಂಗ ಬಡೀತಾರೇನೋ? ಕಾಯಿಸ್ರೋ ಅದನ್ನ."

"ಕಾಯಸಾಕ ಬರತೈತೇನ್ರಿ ಕಾಕಾ?"

ಅಷ್ಟೇ ಸಾಕಾಯಿತು. ಶೇಂಗಾದ ಕಾಗದ, ಕೂಗುವ ಪಡೆಯ ರಟ್ಟಿನ ಬೋರ್ಡು, ಸಿಕ್ಕಿದ್ದೆಲ್ಲ ಗ್ಯಾಲರಿಯ ಹಿಂದೆ ಗುಡ್ಡೆ ಹಾಕಿ ಬೆಂಕಿ ಹಚ್ಚಿದ. ನನ್ನನ್ನು ಉರಿಗೆ ಮುಖಮಾಡಿ ಸುತ್ತಲೂ ತಿರುಗಿಸಿದ. ಅಂಗೈಯಿಂದ ಸವರಿ ಬಿಸಿ ನೋಡಿದ. ಎಷ್ಟೋ ವರ್ಷಗಳ ಮೇಲೆ ಆ ಅಂಗೈ! ಚಿಟುಕಿದಾಗ ನಾನು ಠಣ್ ಎಂದೆ. ಹುಡುಗರು ಹೋ ಎಂದರು. ಹೇಗಿದೆಯೆಂದು ನೋಡಲು ಒಂದು ಸುತ್ತು ಬಾರಿಸಿದ. ಇನ್ನೊಂದು ಸುತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಗ್ಯಾಲರಿಗೆ ಗ್ಯಾಲರಿಯೇ ಎದ್ದು ಕುಣಿಯತೊಡಗಿದಾಗ ಅವನ ಮೈಯಲ್ಲಿ ಹೋಳಿ ಹೊಕ್ಕಿತು. ಹುಡುಗರು ಅವನನ್ನು ಗ್ಯಾಲರಿಯ ಮುಂದಕ್ಕೆ ಎಳೆತಂದರು, ಟವೆಲು ಜಾರಿ ಹೆಗಲಿಗೆ ಬಂತು. ಎಲ್ಲಿದ್ದೇನೆ, ಯಾರ ಕಡೆ ಇದ್ದೇನೆ ಎಲ್ಲ ಮರೆತ. ನಾನೂ ಮರೆತೆ. ನಿಜ ಹೇಳುತ್ತೇನೆ, ಆ ಹೊತ್ತು ನನ್ನಷ್ಟು ಸುಖಿ ಇನ್ನೊಬ್ಬರಿರಲಿಲ್ಲ. ಈಗ ಅದನ್ನು ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಆಟ ಒಂದೊಂದು ಗೋಲಿಗೆ ಸಮವಾಗಿ ಮುಗಿಯಿತು. ಪ್ಯಾಟಿ ಕಾಲೇಜಿನ ಗೋಲು ಹೊಡೆದವಳು ಕಸ್ತೂರಿಯೇ. ಅವಳ ಅಪ್ಪ ಅದನ್ನು ನೋಡಲಿಲ್ಲ. ಆಗ ಅವನು ಮೈದಾನಕ್ಕೆ ಬೆನ್ನು ಮಾಡಿ, ಕುಣಿಯುವ ಹುಡುಗರಿಗೆ ಎದುರಾಗಿ ಬಾರಿಸುತ್ತಿದ್ದ.

ಪೆನಾಲ್ಟಿ ಒದೆತಗಳು ಶುರುವಾದವು. ತಮ್ಮವರು ಒದೆಯುವಾಗ ಉಸಿರು ಬಿಗಿಹಿಡಿಯುವುದು, ಎದುರಿನವರು ಒದೆಯುವಾಗ ಗದ್ದಲ ಎಬ್ಬಿಸಿ ಕಾಲು ನಡುಗಿಸುವುದು, ಇದು ನಮ್ಮ ಮೈದಾನದ ಹಳೆಯ ರೂಢಿ. ಕೊನೆಯ ಒದೆತ ಪ್ಯಾಟಿ ಕಾಲೇಜಿನದು. ಹೊಡೆದರೆ ಸಮ, ತಪ್ಪಿದರೆ ಸೋಲು. ಚೆಂಡು ಬಗಲಲ್ಲಿ ಹಿಡಿದು ನಡೆದು ಬಂದವಳು ಕಸ್ತೂರಿ.

ಅಡಿವೆಪ್ಪನ ಕಡ್ಡಿ ನಿಂತಿತು. ಆಗಷ್ಟೇ ಅವನಿಗೆ ಎಚ್ಚರವಾದದ್ದು.

"ಏ ಗಿರಣಿ ಹುಡುಗಿ! ಹಿಟ್ಟು ಬೀಸಾಕ ಹೋಗ!" ಯಾರೋ ಕೂಗಿದರು. ಗ್ಯಾಲರಿ ನಕ್ಕಿತು.

"ಕಾಕಾ, ಯಾಕ ನಿಂತ್ರಿ? ಈಗ ಬಾರಸ್ರಿ, ಈಗ ಬೇಕಾಗೈತಿ!" ಎಂದ ಶ್ರೀಶೈಲ. ಅವನ ಮುಖ ನೋಡಿ, "ಆಕೀನ ಗೊತ್ತೇನ್ರಿ ನಿಮಗ?" ಎಂದೂ ಕೇಳಿದ.

ಸುತ್ತ ಹತ್ತಿಪ್ಪತ್ತು ಮುಖ ತಿರುಗಿದವು. ಹೇಳಬೇಕಾದ್ದು ಮೂರೇ ಮಾತು, ಆಕಿ ನನ್ನ ಮಗಳು ಎಂದು. ಆ ಮಾತು ಗಂಟಲವರೆಗೆ ಬಂದದ್ದು ನನಗೆ ಗೊತ್ತು, ನಾನು ಅವನ ಎದೆಗೆ ಆತುಕೊಂಡೇ ಇದ್ದೆ.

"ಇಲ್ಲಪ್ಪ, ಯಾರೋ ಏನೋ," ಎಂದ ಅಡಿವೆಪ್ಪ. ಹಾಗೆಂದ ಮೇಲೆ ಬಾರಿಸದೆ ನಿಲ್ಲುವ ಹಾಗಿರಲಿಲ್ಲ. ಬಾರಿಸಿದ.

ನಾನು ಹರಿದು ಹೋಗಬಾರದಿತ್ತೇ? ಎಷ್ಟು ಹಲಗಿಗಳು ನಡುವೆಯೇ ಬಿರಿಯುತ್ತವೆ! ನಾನು ಬಿರಿಯಲಿಲ್ಲ. ಕಾಯಿಸಿದ ಕೈ ಅಷ್ಟು ಚೆನ್ನಾಗಿ ಕಾಯಿಸಿತ್ತು. ಮೈದಾನದ ಆ ತುದಿಗೂ ಮುಟ್ಟುವ ಹಾಗೆ ಮೊಳಗಿದೆ. ಸುತ್ತು ಮುಗಿಯಿತು, ಎಡಗೈಯ ಕಡ್ಡಿ ಒಂದು ಎಳೆ ತಡವಾಗಿ ಬಿತ್ತು.

ಕಸ್ತೂರಿ ಚೆಂಡು ಇಟ್ಟು ಹಿಂದೆ ಸರಿಯುತ್ತಿದ್ದವಳು ತಟ್ಟನೆ ನಿಂತಳು. ಇನ್ನೊಂದು ಸುತ್ತು ಮುಗಿಯುವ ತನಕ ಕಿವಿಗೊಟ್ಟಳು. ಆಮೇಲೆ ತಲೆ ತಿರುಗಿಸಿದ್ದು ತನ್ನವರ ಖಾಲಿ ಗ್ಯಾಲರಿಯ ಕಡೆಗಲ್ಲ, ನಮ್ಮ ಕಡೆಗೆ. ಅಷ್ಟು ಮಂದಿಯಲ್ಲಿ ಅವಳ ಕಣ್ಣು ನೇರ ಬಂದು ಅಪ್ಪನ ಮೇಲೆ ನಿಂತಿತು. ರೆಫರಿ ಸೀಟಿ ಊದಿದ. ಅವಳು ಓಡಿಬಂದು ಒದ್ದಳು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಅಲ್ಲಿಗೆ ಮುಗಿದಿದ್ದರೂ ಬದುಕಿಕೊಳ್ಳುತ್ತಿದ್ದೆವು. ಗೆದ್ದ ಹುಡುಗರು "ಕಾಕಾನ ಹಲಗಿ ಗೆಲ್ಲಿಸಿತು" ಎಂದು ಅಡಿವೆಪ್ಪನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. "ಬ್ಯಾಡ್ರಪ್ಪ, ಇಳಸ್ರಪ್ಪ," ಎಂದು ಅವನು ಕೈಮುಗಿದರೆ ಅದನ್ನು ವಿನಯ ಎಂದುಕೊಂಡರು. ಯಾರೋ ತಂದಿದ್ದ ಚೆಂಡುಹೂವಿನ ಮಾಲೆ ಅವನ ಕೊರಳಿಗೆ ಬಿತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಹಿಂದಿನ ಸಾಲಿಗೆ ನುಸುಳಿದವನನ್ನು ಮೈದಾನದ ಸುತ್ತ ಮೆರವಣಿಗೆ ಮಾಡಿದರು. ಎದುರಿನ ಗ್ಯಾಲರಿಯ ಮುಂದೆ ಹೋಗುವಾಗ ಹಡಪದ ಸರ್ ಎದ್ದು ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಹುಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ ಕಸ್ತೂರಿ ಮಾತ್ರ ತಲೆ ಎತ್ತಲಿಲ್ಲ. ಅಡಿವೆಪ್ಪ ಟವೆಲಿನಿಂದ ಮತ್ತೆ ಮುಖ ಮುಚ್ಚಿಕೊಂಡ. ಈ ಸಲ ಮಂದಿಗೆ ಹೆದರಿ ಅಲ್ಲ, ಅಳುತ್ತಿದ್ದ. ಅವನ ಕಣ್ಣೀರು ನನ್ನ ಮೇಲೆ ಬಿದ್ದು, ಇನ್ನೂ ಆರದ ಬಿಸಿಗೆ ಅಲ್ಲೇ ಒಣಗಿತು.

ನನ್ನನ್ನು ಹುಡುಗರು ಅವನಿಗೇ ಬಹುಮಾನವಾಗಿ ಕೊಟ್ಟರು. ಅವನದೇ ಹಲಗಿಯನ್ನು ಅವನಿಗೇ! ಬೇರೆ ದಿನವಾಗಿದ್ದರೆ ಅವನು ಇದಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದ.

ಮನೆಯಲ್ಲಿ ಕಸ್ತೂರಿ ಕೂಗಾಡಲಿಲ್ಲ, ಊಟ ಬಿಡಲಿಲ್ಲ. ಅಪ್ಪನ ತಾಟಿಗೆ ಎಂದಿನಂತೆ ರೊಟ್ಟಿ ಹಾಕಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆಟದ ಸುದ್ದಿ ಒಂದನ್ನು ಮಾತ್ರ ಅವನ ಎದುರು ಎತ್ತಲಿಲ್ಲ. ಮಗಳಿಗೆ ಏನು ಹೇಳಬೇಕೆಂದು ತಿಳಿಯದೆ ಅವನು ಗಿರಣಿಯಲ್ಲಿ ಕೂತು ನನ್ನೊಡನೆ ಹೇಳಿ ನೋಡುತ್ತಿದ್ದ. "ನಾ ಬರಬಾರದಿತ್ತು," ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ, "ಬಂದು ಆಕಿ ಕಡಿ ಕೂಡಬೇಕಿತ್ತು," ಎನ್ನುತ್ತಿದ್ದ. ಓಣಿಯವರು ಹೋಳಿಗೆ ಕರೆಯಲು ಬಂದರೆ ಕೈ ನೋವು ಎಂದ. ನಾಚಿಕೆಗೆ ಮದ್ದಿಲ್ಲ ಎನ್ನುವುದು ಸುಳ್ಳಲ್ಲ, ಇದ್ದರೆ ಆ ಮನುಷ್ಯ ಕುಡಿದು ಮುಗಿಸುತ್ತಿದ್ದ.

ಮರುವರ್ಷ ಪ್ಯಾಟಿ ಕಾಲೇಜು ಮತ್ತೆ ಫೈನಲ್‌ಗೆ ಬಂತು. ಕಸ್ತೂರಿಗೆ ಅದು ಕಾಲೇಜಿನ ಕಡೆಯ ವರ್ಷ. ಅವಳು ಅಪ್ಪನನ್ನು ಕರೆಯಲಿಲ್ಲ. ಅವನೇ ಗಿರಣಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, "ಇವತ್ತ ಗಿರಣಿ ಇಲ್ರಿ. ಮಗಳ ಫೈನಲ್ ಐತಿ," ಎಂದು ಬೀಗ ಹಾಕಿದ. ನನ್ನನ್ನು ಚೆನ್ನಾಗಿ ಕಾಯಿಸಿ ಹೆಗಲಿಗೆ ಹಾಕಿಕೊಂಡ. ಹೋದ ವರ್ಷದ್ದನ್ನು ಇಂದು ತೊಳೆದುಬಿಡಬೇಕೆಂದು ಅವನ ಹಟ. ನನ್ನದೂ ಅದೇ. ಪ್ಯಾಟಿ ಕಾಲೇಜಿನ ಗ್ಯಾಲರಿ ಎಂದಿನಂತೆ ಬಣಬಣ ಎನ್ನುತ್ತಿತ್ತು. ಎಲ್ಲಕ್ಕಿಂತ ಮುಂದಿನ ಸಾಲಲ್ಲಿ, ಹಡಪದ ಸರ್ ಮಗ್ಗುಲಿಗೆ, ಎಲ್ಲರಿಗೂ ಕಾಣುವ ಹಾಗೆ ಕೂತು ಕಡ್ಡಿ ಎತ್ತಿದ.

ಮೈ ಬಿಸಿ ಮಾಡಿಕೊಳ್ಳಲು ಓಡುತ್ತಿದ್ದ ಕಸ್ತೂರಿ ನೋಡಿದಳು. ಬೇಲಿಯ ತನಕ ಬಂದಳು.

"ಹಲಗಿ ಯಾಕ ತಂದಿ ಅಪ್ಪಾ?"

"ನಿಮ್ಮ ಕಡಿ ಬಾರಸೋರು ಯಾರೂ ಇಲ್ಲಲ್ಲ ತಾಯಿ. ಇವತ್ತ ನೋಡ, ಆ ಕಡಿ ಮಂದಿ ಕಿವಿ ಮುಚ್ಕೋಬೇಕು, ಹಂಗ..."

"ಹೋದ ವರ್ಷ ನಾ ನಿನ್ನ ಬಾರಸಾಕ ಕರದಿದ್ದಿಲ್ಲ," ಎಂದಳು ಕಸ್ತೂರಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಾಕ ಕರದಿದ್ದೆ."

ಅಡಿವೆಪ್ಪನ ಕೈ ಇಳಿಯಿತು. ಅವನು ನನ್ನನ್ನು ಹೆಗಲಿನಿಂದ ತೆಗೆದು, ಸಿಮೆಂಟಿನ ಮೇಲೆ ಮುಖ ಕೆಳಗಾಗಿ ಬೋರಲು ಹಾಕಿದ. ಕಡ್ಡಿಗಳನ್ನು ಅಂಗಿಯ ಜೇಬಿಗೆ ಸೇರಿಸಿದ.

ಆಟ ಶುರುವಾಯಿತು. ಅಷ್ಟು ವರ್ಷ ಮೈದಾನದಲ್ಲಿದ್ದೂ ನಾನು ಆಟದ ಸದ್ದು ಕೇಳಿದ್ದು ಅಂದೇ. ಚೆಂಡು ಕಾಲಿಗೆ ತಾಗುವ ಸದ್ದು, ಹುಡುಗಿಯರ ಏದುಸಿರು, "ಈ ಕಡಿ ಕೊಡ! ನೋಡ್ಕೊಂಡು!" ಎಂದು ಗೆಳತಿಯರಿಗೆ ಕೂಗುವ ಕಸ್ತೂರಿಯ ದನಿ. ಒರಟು ದನಿ, ದಪ್ಪ ದನಿ, ಮನೆಯಲ್ಲಿ ಅವಳು ಎಂದೂ ಎತ್ತದ ದನಿ. ನಾನು ಮೊಳಗುತ್ತಿದ್ದಾಗಲೂ ಅವಳು ಹೀಗೇ ಕೂಗಿದ್ದಿರಬೇಕು.

ಸ್ವಲ್ಪ ಹೊತ್ತಿಗೆ ಅಡಿವೆಪ್ಪ ಅಚ್ಚರಿಯಿಂದ ಮುಂದೆ ಬಾಗಿದ. "ಸರ, ಆಕಿ ಎಡಗಾಲಿಲೆ ಒದಿತಾಳಲ್ರಿ!"

ಹಡಪದ ಸರ್ ತಿರುಗಿ ಅವನ ಮುಖ ನೋಡಿದರು. "ಮೂರು ವರ್ಷ ಆತ್ರಿ ಹಂಗ ಒದಿಯಾಕ ಹತ್ತಿ. ಹೋದ ವರ್ಷ ನೀವೂ ಇಲ್ಲೇ ಇದ್ರಲ್ರಿ?"

ಪಂದ್ಯದ ಕೊನೆಯವರೆಗೂ ಅಡಿವೆಪ್ಪ ಮೈದಾನದಿಂದ ಕಣ್ಣು ಕೀಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಗಿರಣಿಯ ಮೂಲೆಯಲ್ಲಿ ಒಂದು ಮೊಳೆಗೆ ತೂಗಿಕೊಂಡಿದ್ದೇನೆ. ಚರ್ಮದ ಅಂಚನ್ನು ಇಲಿ ಕಡಿದಿದೆ, ಮೈಮೇಲೆ ಹಿಟ್ಟು ಕೂತು ಬಿಳಿಚಿಕೊಂಡಿದ್ದೇನೆ. ಚರ್ಮ ತೆಗೆದು ತಂತಿಯ ಬಲೆ ಹಾಕಿಸಿದರೆ ಒಳ್ಳೆಯ ಜರಡಿಯಾದರೂ ಆದೀತು ಎಂದು ನೀಲವ್ವ ಆಗಾಗ ಅನ್ನುತ್ತಾಳೆ. ಆಗಲಿ, ನನ್ನ ತಕರಾರಿಲ್ಲ. ಕಸ್ತೂರಿ ಈಗ ಬೇರೊಂದು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಫುಟ್‌ಬಾಲ್ ಕಲಿಸುತ್ತಾಳೆ. ಅವಳ ಹುಡುಗಿಯರ ಪಂದ್ಯವಿದ್ದಾಗ ಅಡಿವೆಪ್ಪ ಗಿರಣಿಗೆ ಬೀಗ ಹಾಕಿ ಬಸ್ಸು ಹತ್ತುತ್ತಾನೆ. ಅಲ್ಲಿಯೂ ಮಂದಿ ಬರುವುದು ಕಡಿಮೆಯಂತೆ. ಅವನ ಕೈಯಲ್ಲಿ ನೀರಿನ ಬಾಟಲಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊರಡುವಾಗ ಅವನು ನನ್ನ ಕಡೆ ತಿರುಗಿ ಕೂಡ ನೋಡುವುದಿಲ್ಲ. ನೋಡದಿದ್ದರೇ ಒಳ್ಳೆಯದು ಎನ್ನುವಷ್ಟು ನಾಚಿಕೆ ನನಗೆ ಇನ್ನೂ ಇದೆ.